ಹಂಡೆ ನೀರಿನ ಸುಖ

ದುಬೈಯಲ್ಲಿ ದುಡಿಯುವವರಿಗೆ ಬಿಸಿನೀರಿನ ಬರವಿಲ್ಲ. ಜುಲೈಯಲ್ಲಿ ಸೆಕೆ 45 ಡಿಗ್ರಿ ದಾಟಿತೆಂದರೆ ತಾರಸಿಯ ಟ್ಯಾಂಕೇ ಹಂಡೆ. ತಣ್ಣೀರಿನ ನಲ್ಲಿ ತಿರುಗಿಸಿದರೂ ಮೈ ಚುರ್ರೆನ್ನುತ್ತದೆ. ಆದರೂ ರಜೆಯಲ್ಲಿ ಪುತ್ತೂರಿಗೆ ಬಂದವನು ಮೊದಲು ಹುಡುಕುವುದು ಬಚ್ಚಲಿನ ತಾಮ್ರದ ಹಂಡೆಯನ್ನೇ! ಒಲೆಯಲ್ಲಿ ತೆಂಗಿನ ಮಡಲು, ಅಡಿಕೆ ಸೋಗೆ. ಹೊಗೆಗೆ ಕಣ್ಣುರಿ, ಹೊರಗೆ ಧೋ ಎಂದು ಆಟಿ ಮಳೆ. ಚೆಂಬು ಚೆಂಬು ಹೊಯ್ದುಕೊಂಡಷ್ಟೂ ಸಾಲದು. "ಇನ್ನೊಂದು ಕೊತ್ತಳಿಗೆ ಹಾಕ್ಲಾ ಮಗಾ?" ಎಂದು ಅಮ್ಮ ಹೊರಗಿನಿಂದ ಕೇಳಿದರಂತೂ ಸ್ನಾನ ಮಧ್ಯಾಹ್ನದವರೆಗೆ.

ಆಮೇಲೆ ಕುಚ್ಚಲಕ್ಕಿ ಗಂಜಿ, ಮೇಲೊಂದು ಚಮಚ ತುಪ್ಪ, ಮಾವಿನ ಮಿಡಿ. ಮಿಡಿ ಕಟಕ್ಕೆಂದರೆ ವಿಮಾನದ ಟಿಕೆಟಿನ ದುಡ್ಡು ಅಲ್ಲಿಗೇ ವಸೂಲು. ಅಮ್ಮನಿಗೆ ಮಾತ್ರ ಸಂಕಟ: ಫಾರಿನ್‌ನಿಂದ ಬಂದ ಹುಡುಗನಿಗೆ ಬರೀ ಗಂಜಿಯಾ? ಪೇಟೆಯಿಂದ ಬ್ರೆಡ್ಡು, ಜಾಮು ತರಿಸಿಟ್ಟಿರುತ್ತಾರೆ. ಅವನ್ನು ತಪ್ಪಿಸಿಕೊಳ್ಳಲೆಂದೇ ಅಲ್ಲವೇ ಪುಣ್ಯಾತ್ಮ ಸಮುದ್ರ ದಾಟಿ ಬಂದದ್ದು!

ಅಷ್ಟರಲ್ಲಿ ನೆರೆಮನೆಯವರು ಹಾಜರು. "ಯಾವಾಗ ಬಂದದ್ದು?" ಉತ್ತರ ಬಾಯಿಂದ ಹೊರಡುವ ಮೊದಲೇ, "ಯಾವಾಗ ಹೋಗುವುದು?"

ನಿಮ್ಮಲ್ಲೊಂದು ವಿನಂತಿ ಮಾರಾಯ್ರೆ, ಆ ಎರಡನೆಯ ಪ್ರಶ್ನೆಯನ್ನು ಗಂಜಿ ಉಂಡು ಕೈತೊಳೆಯುವವರೆಗಾದರೂ ತಡೆದುಕೊಳ್ಳಿ.