ಪರದೆಯ ಜಾತಕ

ನಾನು ಡಿಸ್‌ಪ್ಲೇ ಡ್ರೈವರ್ ಕೆಲಸ ಮಾಡುತ್ತೇನೆ ಅಂದಾಗ ದೊಡ್ಡಪ್ಪ, ‘ಹೆವಿ ಲೈಸೆನ್ಸ್ ಮಾಡಿಸಿದೀಯೇನೋ?’ ಎಂದು ಕೇಳಿದ್ದರು. ಅಂದಿನಿಂದ ಅಮ್ಮ ನೆಂಟರ ಮುಂದೆ ‘ಕಂಪ್ಯೂಟರಲ್ಲಿದಾನೆ’ ಎಂದಷ್ಟೇ ಹೇಳಿ ಮಾತು ತೇಲಿಸುತ್ತಾಳೆ.

ಕಳೆದ ತಿಂಗಳು ಮನೆಗೆ ಹೊಸ ಮಾನಿಟರ್ ಬಂತು. ಸೆಕೆಂಡಿಗೆ 280 ಸಲ ಚಿತ್ರ ಬದಲಿಸುವ ಗಟ್ಟಿಗ. ವೇರಿಯಬಲ್ ರಿಫ್ರೆಶ್ ರೇಟ್ ಇದೆಯೆಂದು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ನಾನೇ ನೋಡಿಕೊಳ್ಳುವ ಡ್ರೈವರ್ ತಂತ್ರಾಂಶ ಮಾತ್ರ ‘ಇದಕ್ಕೆ ಆ ಯೋಗ ಇಲ್ಲ’ ಎಂದು ಕೂತುಬಿಟ್ಟಿತು.

‘ಏನೋ ಅದು ಯೋಗ?’ ಎಂದಳು ಅಮ್ಮ.

‘ಮದುವೆಮನೆ ಪಂಕ್ತಿ ಅಂದ್ಕೋಮ್ಮ. ಗ್ರಾಫಿಕ್ಸ್ ಕಾರ್ಡು ಅಡುಗೆಭಟ್ಟ, ಮಾನಿಟರು ಬಡಿಸೋನು. ಹಳೇ ಮಾನಿಟರು ಸೆಕೆಂಡಿಗೆ 60 ಸಲ, ಅಂದ್ರೆ 16.7 ಮಿಲಿಸೆಕೆಂಡಿಗೊಂದು ಸಲ, ಬಕೆಟ್ ಹಿಡ್ಕೊಂಡು ಬಂದೇ ಬರುತ್ತೆ. ಹುಳಿ ಇನ್ನೂ ಕುದ್ದಿಲ್ಲ ಅಂದ್ರೆ ಸಾರನ್ನೇ ಇನ್ನೊಂದು ಸುತ್ತು ಬಿಡುತ್ತೆ. ಆಗ ಆಟ ಮುಗ್ಗರಿಸುತ್ತೆ. ಪಂಕ್ತಿ ಮಧ್ಯದಲ್ಲಿ ಬಕೆಟ್ ಬದಲಾಯಿಸಿದ್ರೋ, ಅರ್ಧ ಜನಕ್ಕೆ ಸಾರು, ಇನ್ನರ್ಧಕ್ಕೆ ಹುಳಿ. ಚಿತ್ರ ಅಡ್ಡಡ್ಡ ಸೀಳಿದ ಹಾಗೆ ಕಾಣುತ್ತೆ. ಈ ಯೋಗ ಇರೋ ಮಾನಿಟರು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದು, ಹುಳಿ ಇಳಿಸಿದ ತಕ್ಷಣ ತರುತ್ತೆ.’

‘ಅಡುಗೆ ಆಗೋ ತನಕ ಕಾಯೋದು ತಾನೆ? ಅದಕ್ಕೆ ಇಂಜಿನಿಯರು ಬೇಕಾ?’

ಬೇಕು. ಎರಡು ಚಿತ್ರಗಳ ನಡುವಿನ ಖಾಲಿ ಹೊತ್ತನ್ನು ಹಿಗ್ಗಿಸುವುದಷ್ಟೇ ಇದರ ಗುಟ್ಟಾದರೂ, ವೆಸಾ ಸಂಸ್ಥೆ ಅದನ್ನು ಅಡಾಪ್ಟಿವ್ ಸಿಂಕ್ ಎಂಬ ಹೆಸರಲ್ಲಿ ಡಿಸ್‌ಪ್ಲೇಪೋರ್ಟ್ ನಿಯಮಕ್ಕೆ ಸೇರಿಸಿದ್ದು 2014ರಲ್ಲಿ. ಕಾಯುವುದಕ್ಕೂ ಮಿತಿಯಿದೆ. ತೀರಾ ಕಾಯಿಸಿದರೆ ಪರದೆ ಮಿನುಗುತ್ತದೆ, ಊಟಕ್ಕೆ ಕೂತವರು ಮಿಸುಕಾಡಿದ ಹಾಗೆ.

ಆ ಮಿತಿಗಳು ಮಾನಿಟರಿನ ಜಾತಕದಲ್ಲಿರುತ್ತವೆ. ಇಡಿಐಡಿ ಎಂದು ಅದರ ಹೆಸರು. ಮೊದಲ ಕಂತು 128 ಬೈಟ್. ಯಾರ ಮನೆಯದು, ಯಾವ ವರ್ಷದ ಎಷ್ಟನೇ ವಾರದಲ್ಲಿ ಹುಟ್ಟಿದ್ದು, ಎಲ್ಲವೂ ಅದರಲ್ಲುಂಟು. ಬಿಡಿಸಿ ನೋಡಿದೆ. ಎಫ್‌ಡಿ ಎಂಬ ಗುರುತಿನ ಮುಂದೆ 02, 30, 19. ಹದಿನಾರರ ಎಣಿಕೆಯಲ್ಲಿ 30 ಅಂದರೆ 48, 19 ಅಂದರೆ 25. ಕನಿಷ್ಠ 48, ಗರಿಷ್ಠ 25! ಮಗನಿಗಿಂತ ಅಪ್ಪನೇ ಚಿಕ್ಕವನು. ಇಂಥ ಜಾತಕಕ್ಕೆ ಯೋಗವಿಲ್ಲವೆಂದ ಡ್ರೈವರನ್ನು ದೂರುವುದು ಹೇಗೆ?

ಎರಡು ದಿನ ಮಾನಿಟರ್ ಮಾಡಿದವರನ್ನು ಬೈದೆ. ಒಂದು ದಿನ ಕೇಬಲ್ಲನ್ನು ಬೈದೆ. ಅಮ್ಮ ಹೂ ಕಟ್ಟುತ್ತಾ, ‘ಜಾತಕದಲ್ಲಿ ತಪ್ಪಿರಲ್ಲ ಕಣೋ, ಓದಿದವನು ಸರಿಯಿಲ್ಲ ಅಷ್ಟೆ’ ಎಂದಳು.

ಓದುವ ಕೋಡ್ ಬರೆದವನು ನಾನೇ ಎಂದು ಅವಳಿಗೆ ಹೇಳಿರಲಿಲ್ಲ.

ಒಂದು ಬೈಟಿನಲ್ಲಿ 255ರ ತನಕ ಮಾತ್ರ ಹಿಡಿಯುತ್ತದೆ. 280 ಬರೆಯಬೇಕಾದರೆ 25 ಬರೆದು, ಮೊದಲಿನ 02ರಲ್ಲಿ ‘ಗರಿಷ್ಠಕ್ಕೆ 255 ಸೇರಿಸಿಕೊಳ್ಳಿ’ ಎಂದು ಸನ್ನೆ ಮಾಡುತ್ತಾರೆ. 2006ರ ಇಡಿಐಡಿ 1.4ರಲ್ಲೇ ಈ ನಿಯಮವಿದೆ. ಎರಡನೇ ಕ್ಲಾಸಿನಲ್ಲಿ ಕೂಡುವ ಲೆಕ್ಕ ಮಾಡುವಾಗ ದಶಕ ಬಿಟ್ಟು ಮೇಷ್ಟ್ರಿಂದ ಕಿವಿ ಹಿಂಡಿಸಿಕೊಂಡವನು, ಸಂಬಳ ತೆಗೆದುಕೊಂಡೂ ಅದನ್ನೇ ಮಾಡಿದ್ದೆ.

ನಾಲ್ಕು ಸಾಲು ಸೇರಿಸಿದೆ. ಯೋಗ ಕೂಡಿಬಂತು.

ಉಳಿದದ್ದು ಒಂದೇ ಪರೀಕ್ಷೆ. ಆಟ ತೀರಾ ನಿಧಾನವಾಗಿ, ಸೆಕೆಂಡಿಗೆ 30 ಚಿತ್ರ ಮಾತ್ರ ತಯಾರಾದರೆ, 48ರ ಕೆಳಗೆ ಇಳಿಯದ ಮಾನಿಟರಿಗೆ ಡ್ರೈವರ್ ಒಂದೊಂದು ಚಿತ್ರವನ್ನೂ ಎರಡೆರಡು ಸಲ ಕಳಿಸಿ 60 ಮಾಡಿ ತೋರಿಸಬೇಕು. ಹೊಸದು ಬರುವವರೆಗೆ ಹಳೆಯದರಲ್ಲೇ ಸಂಭಾಳಿಸುವುದು. ಅದನ್ನೇ ಕಣ್ಣು ಕೀಲಿಸಿ ನೋಡುತ್ತಿದ್ದೆ.

‘ಊಟಕ್ಕೆ ಬಾರೋ.’

‘ಎರಡೇ ನಿಮಿಷ.’

ಕಾಲು ಗಂಟೆಯಾದ ಮೇಲೆ ಮತ್ತೆ ಕರೆದಳು. ‘ಎರಡೇ ನಿಮಿಷ’ ಎಂದೆ. ಮೂರನೇ ಸಲವೂ ಅದೇ.

‘ಹೊಸದು ಆಗಿಲ್ಲಾಂತ ಹಳೇದನ್ನೇ ಎಷ್ಟು ಸುತ್ತು ಬಡಿಸ್ತೀಯೋ?’ ಎಂದು ಒಳಗಿಂದ ಕೇಳಿಸಿತು.

ಪರದೆ ಒಮ್ಮೆಯೂ ಮಿನುಗಲಿಲ್ಲ. ಅಡುಗೆಮನೆಯ ದೀಪ ಮಾತ್ರ ಆರಿತು.