ಹಳೇ ಡಿಸ್ಕು, ಹೊಸ ಕ್ಯಾಬಿನೆಟ್ಟು

ಮೇಷ್ಟ್ರೇ, ಸ್ವಲ್ಪ ಕಾಂಪೌಂಡ್ ಹತ್ರ ಬನ್ನಿ. ನಿಮ್ಮ ಮಗ ಎಸ್.ಪಿ. ರೋಡಿಂದ ತಂದ ಡಬ್ಬಗಳನ್ನ ಆಟೋದಿಂದ ಇಳಿಸ್ತಿದ್ದದ್ದು ನೋಡಿದೆ. ಮದರ್‌ಬೋರ್ಡು, ಎಸ್‌ಎಂಪಿಎಸ್ಸು, ಕ್ಯಾಬಿನೆಟ್ಟು ಎಲ್ಲ ಬಿಡಿಬಿಡಿಯಾಗಿ ತಂದು ಮನೇಲೇ ಅಸೆಂಬಲ್ ಮಾಡ್ತಾನಂತಲ್ಲ, ಸಂತೋಷ. ನಾನು ಕೇಳೋಣ ಅಂತಿದ್ದದ್ದು ಬೇರೆ. ಹಳೇ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಏನು ಮಾಡ್ತೀರಿ?

ಬಿಚ್ಚಿ ಹೊಸದಕ್ಕೆ ಹಾಕಿದ್ರಾಯ್ತು ಅಂತೀರಾ? ಧಾರಾಳವಾಗಿ ಹಾಕಿ. ಆದರೆ ಯಾವ ಕೆಲಸಕ್ಕೆ ಹಾಕ್ತೀರಿ ಅನ್ನೋದು ಮುಖ್ಯ. ಹೊಸ ಕಂಪ್ಯೂಟರು ಅದರಿಂದಲೇ ಶುರುವಾಗಲಿ ಅಂದ್ರೆ ಬೇಡ ಅಂತೀನಿ. ಅದರಲ್ಲಿರೋದನ್ನ ಇಳಿಸ್ಕೊಳ್ಳೋಕೆ ಅಂದ್ರೆ ಈ ವಾರವೇ ಮಾಡಿ ಅಂತೀನಿ.

ಯಾಕೆ ಬೇಡ ಅಂದ್ರೆ, ಅದರಲ್ಲಿರೋ ವಿಂಡೋಸ್ 7 ಆ ಹಳೇ ಮದರ್‌ಬೋರ್ಡಿಗೆ ಅಂತ ಕೂತಿರೋದು. ಡಿಸ್ಕ್ ಜೊತೆ ಮಾತಾಡೋ ಕಂಟ್ರೋಲರೇ ಬದಲಾಗಿಬಿಟ್ರೆ, ಅದು ಶುರುವಾಗೋಕೆ ಹೋಗಿ ನೀಲಿ ಪರದೆ ತೋರಿಸಿ ನಿಂತುಬಿಡುತ್ತೆ. ವಿಂಡೋಸ್ 10 ಬಂದ ಮೇಲೆ ಎಷ್ಟೋ ಸಲ ಹೊಸ ಬೋರ್ಡಿಗೂ ಹೊಂದಿಕೊಳ್ಳುತ್ತೆ, ಇಲ್ಲ ಅನ್ನಲ್ಲ. ಆದರೂ ಕಂಪ್ಯೂಟರಿನ ಜೊತೆಗೇ ಬಂದ ಲೈಸೆನ್ಸು ಹಳೇ ಬೋರ್ಡಿಗೆ ಅಂಟಿಕೊಂಡಿರುತ್ತೆ. ಹಳೇ ಡಿಸ್ಕಿನಲ್ಲಿ ಪಾರ್ಟಿಷನ್ ಮಾಡಿರೋ ಪದ್ಧತಿ ಎಂಬಿಆರ್, ಈಗಿನ ಯುಇಎಫ್‌ಐ ಬೋರ್ಡುಗಳು ಬೂಟ್ ಮಾಡೋಕೆ ಕೇಳೋದು ಜಿಪಿಟಿ. ಅದಕ್ಕೇ ಎಷ್ಟೋ ಬೋರ್ಡುಗಳಲ್ಲಿ ಹಳೇ ಡಿಸ್ಕು ಬೂಟ್ ಪಟ್ಟಿಗೇ ಬರೋದಿಲ್ಲ. ವೇಗವಾದ್ರೂ ಎಷ್ಟು? ಆ ಡಿಸ್ಕು ನಿಮಿಷಕ್ಕೆ 7,200 ಸುತ್ತು ತಿರುಗಿ ಸೆಕೆಂಡಿಗೆ ನೂರು ಚಿಲ್ಲರೆ ಎಂಬಿ ಓದಿದ್ರೆ, ಹೊಸ ಎನ್‌ವಿಎಂಇ ಎಸ್‌ಎಸ್‌ಡಿ ಸಾವಿರಗಟ್ಟಲೆ ಎಂಬಿ ಓದುತ್ತೆ. ವಿಂಡೋಸನ್ನ ಹೊಸದರ ಮೇಲೆ ಹೊಸದಾಗೇ ಹಾಕಿಸಿ.

ಹಾಕೋವಾಗ ಹಳೇ ಡಿಸ್ಕು ಜೋಡಿಸಿರಬಾರದು, ಇದೊಂದು ನೆನಪಿರಲಿ. ಎರಡೂ ಇದ್ರೆ ವಿಂಡೋಸ್ ಒಮ್ಮೊಮ್ಮೆ ತನ್ನ ಬೂಟ್ ಫೈಲುಗಳನ್ನ ಹಳೇದರ ಮೇಲೆ ಬರೆದುಬಿಡುತ್ತೆ. ಮುಂದೆ ಯಾವತ್ತೋ ಹಳೇದನ್ನ ತೆಗೆದ್ರೆ ಹೊಸ ಕಂಪ್ಯೂಟರೂ ಏಳೋದಿಲ್ಲ. ಅದಲ್ಲದೆ ಹಳೇದನ್ನ ಕಳಚಿಟ್ಟಿದ್ರೆ, ಯಾವ ಡಿಸ್ಕು ಫಾರ್ಮ್ಯಾಟ್ ಮಾಡ್ಬೇಕು ಅಂತ ಕೇಳಿದಾಗ ಕೈತಪ್ಪಿ ಹಳೇದನ್ನೇ ಒತ್ತೋ ಭಯವೂ ಇರೋದಿಲ್ಲ.

ವಿಂಡೋಸ್ ಕೂತ ಮೇಲೆ ಗೋಡೆ ಸ್ವಿಚ್ಚೇ ಆರಿಸಿ ಹಳೇದನ್ನ ಜೋಡಿಸ್ಲಿ. ನಿಮ್ಮದು 2010ರ ಸುಮಾರಿನದು, ಸಾಟಾ ಇರುತ್ತೆ. ಎರಡೇ ಕೇಬಲ್ಲು, ಡೇಟಾಗೆ ಸಣ್ಣದು, ಪವರ್‌ಗೆ ಅಗಲದ್ದು. ಎರಡಕ್ಕೂ ಒಳಗೆ ಮೂಲೆ ಮಡಚಿದ ಹಾಗೆ ಒಂದು ಕೊಕ್ಕೆ ಇದೆ, ತಿರುಗಾ ಮುರುಗಾ ಹೋಗೋದೇ ಇಲ್ಲ, ಒತ್ತಾಯ ಮಾಡಬಾರದು ಅಷ್ಟೆ. ಇಪ್ಪತ್ತು ವರ್ಷಕ್ಕೂ ಹಿಂದಿನದು, ಪಟ್ಟಿ ಹಾಗೆ ಅಗಲ ಕೇಬಲ್ಲಿನ ಐಡಿಇ ಡಿಸ್ಕು ಯಾರ ಮನೇಲಾದ್ರೂ ಇದ್ರೆ ಈಗಿನ ಬೋರ್ಡಲ್ಲಿ ಅದಕ್ಕೆ ಜಾಗವೇ ಇಲ್ಲ. ಯುಎಸ್‌ಬಿ ಅಡಾಪ್ಟರ್ ತರಬೇಕು, ಅದಕ್ಕೆ ಬೇರೆ ಪವರ್ ಕೊಡೋ ಥರದ್ದೇ ಆಗಬೇಕು.

ನಿಮ್ಮ ಮಗನಿಗೆ ಇನ್ನೊಂದು ಮಾತು ತಪ್ಪದೆ ಹೇಳಿ. ಹೊಸ ಎಸ್‌ಎಂಪಿಎಸ್ಸಿನ ಕೇಬಲ್ಲುಗಳು ಕಳಚೋ ಥರದ್ದಾಗಿದ್ರೆ, ಅದರ ಜೊತೆ ಬಂದಿದ್ದನ್ನೇ ಹಾಕಬೇಕು. ಬೇರೆ ಎಸ್‌ಎಂಪಿಎಸ್ಸಿಂದು ನೋಡೋಕೆ ಹಾಗೇ ಇರುತ್ತೆ, ಸರಿಯಾಗಿ ಕೂತೂ ಕೂರುತ್ತೆ. ಒಳಗೆ ಪಿನ್ನುಗಳ ಸಾಲು ಮಾತ್ರ ಬೇರೆ. 5 ವೋಲ್ಟ್ ಹೋಗೋ ಕಡೆ 12 ವೋಲ್ಟ್ ಹೋದ್ರೆ ಡಿಸ್ಕಿನ ಬೋರ್ಡು ಆ ಕ್ಷಣವೇ ಸುಟ್ಟುಹೋಗುತ್ತೆ.

ಆನ್ ಮಾಡಿದ ಮೇಲೆ "ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು" ಅಂತಲೋ "ಇನಿಶಿಯಲೈಸ್ ಮಾಡಿ" ಅಂತಲೋ ಬಂದ್ರೆ ಕ್ಯಾನ್ಸಲ್ ಒತ್ತಿ ಗೊತ್ತಿರೋರನ್ನ ಕೇಳಿ. ಓಕೆ ಅನ್ನಲೇಬಾರದು. ಫೋಲ್ಡರ್ ತೆಗೆಯೋಕೆ ಅನುಮತಿ ಇಲ್ಲ ಅಂತ ಬಂದ್ರೆ ಮಾತ್ರ ಗಾಬರಿ ಬೇಡ. ಅದು ಹಳೇ ವಿಂಡೋಸಿನ ನಿಮ್ಮ ಖಾತೆ ಹೆಸರಲ್ಲಿರುತ್ತೆ, ಹೊಸ ಖಾತೆಗೆ ಮಾಲೀಕತ್ವ ಕೊಟ್ರೆ ತೆರೆಯುತ್ತೆ.

ಮೊದಲು ಏನು ಕಾಪಿ ಮಾಡ್ಬೇಕು ಅಂತೀರಾ? ಎಲ್ಲರೂ ಡಿ ಡ್ರೈವಿಗೆ ಓಡ್ತಾರೆ. ಆದರೆ ಡೆಸ್ಕ್‌ಟಾಪ್ ಮೇಲೆ ಇಟ್ಟದ್ದು, ಮೈ ಡಾಕ್ಯುಮೆಂಟ್ಸಲ್ಲಿ ಇಟ್ಟದ್ದು ಎಲ್ಲ ಸಿ ಡ್ರೈವಿನ ಯೂಸರ್ಸ್ ಅನ್ನೋ ಫೋಲ್ಡರಿನಲ್ಲಿರುತ್ತೆ. ಅದು ಮೊದಲು. ಆಮೇಲೆ ವಿಂಡೋಸ್ ಫೋಲ್ಡರಿನ ಒಳಗಿರೋ ಫಾಂಟ್ಸ್. ಇಷ್ಟು ವರ್ಷ ಡಿಟಿಪಿ ಮಾಡ್ಕೊಂಡು ಬಂದೋಳು ನಾನು, ಇದನ್ನ ಒತ್ತಿ ಹೇಳ್ತೀನಿ.

ನಿಮ್ಮೂರಿನ ದೇವಸ್ಥಾನದ ಸ್ಥಳಪುರಾಣ ನೀವು ನುಡಿ ತಂತ್ರಾಂಶದಲ್ಲೇ ಟೈಪ್ ಮಾಡಿದ್ದಲ್ವಾ? ಆಗ ನಾವೆಲ್ಲ ಬಳಸಿದ್ದು ಯುನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೇ ಕನ್ನಡದ ರೂಪ ಕೂರಿಸಿದ ಫಾಂಟುಗಳು ಅವು. ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಆ ಫೈಲ್ ತೆಗೆದು ನೋಡಿ. ಕನ್ನಡ ಅಂತ ಬರೆದಿದ್ದ ಜಾಗದಲ್ಲಿ ಒಂದು ಪಿ, ತಲೆ ಮೇಲೆ ಓರೆ ಗೀಟಿರೋ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಹೀಗೆ ಸಾಲಾಗಿ ನಿಂತಿರುತ್ತೆ. ಎಷ್ಟೋ ಜನ ಇದನ್ನ ನೋಡಿ ಫೈಲ್ ಕೆಟ್ಟೋಯ್ತು ಅಂತ ಅಳಿಸಿಹಾಕ್ತಾರೆ. ಕೆಟ್ಟಿರೋದಿಲ್ಲ ಮೇಷ್ಟ್ರೇ, ಒಂದಕ್ಷರವೂ ಕೆಟ್ಟಿರೋದಿಲ್ಲ. ಹಳೇ ಫಾಂಟ್ ಹಾಕಿ, ಓದೋ ಹಾಗಾಗುತ್ತೆ. ಆಮೇಲೆ ಕನ್ವರ್ಟರಿನಿಂದ ಯುನಿಕೋಡಿಗೆ ತಿರುಗಿಸಿ, ಒತ್ತಕ್ಷರ, ಅರ್ಕಾವತ್ತು ಒಂದೊಂದು ಸಲ ಜರುಗಿರುತ್ತೆ, ಒಮ್ಮೆ ಕಣ್ಣಾಡಿಸಿ ತಿದ್ದಿ. ಆಮೇಲೆ ಫೋನಲ್ಲೂ ಓದಬಹುದು, ಹುಡುಕಿದ್ರೂ ಸಿಗುತ್ತೆ.

ಈ ವಾರವೇ ಅಂತ ಯಾಕೆ ಅವಸರ ಅಂತೀರಾ? 1956ರಲ್ಲಿ ಐಬಿಎಂನೋರು ಮೊದಲ ಹಾರ್ಡ್‌ಡಿಸ್ಕ್ ತಂದಾಗ ಅದರಲ್ಲಿ ಎರಡೆರಡು ಅಡಿ ಅಗಲದ 50 ತಟ್ಟೆಗಳಿದ್ವು, ಎಲ್ಲ ಸೇರಿ ಹಿಡಿಸ್ತಿದ್ದದ್ದು 50 ಲಕ್ಷ ಅಕ್ಷರ. ಈಗ ಅಂಗೈಯಗಲದ ಡಬ್ಬದಲ್ಲಿ ಒಂದು ಸಂಸಾರದ ಇಪ್ಪತ್ತು ವರ್ಷ ಇರುತ್ತೆ. ಆದರೂ ಒಳಗಿರೋದು ಅದೇ ತಿರುಗೋ ತಟ್ಟೆ, ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಸಾವಿರ ಪಾಲು ಕಡಿಮೆ ಅಂತರದಲ್ಲಿ ತೇಲೋ ಹೆಡ್ಡು. ಸವೆಯದೆ ಇರೋಕಾಗಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಉಚಿತ ತಂತ್ರಾಂಶ ಇದೆ, ಅದು ಡಿಸ್ಕಿನ ಆರೋಗ್ಯ ಹೇಳುತ್ತೆ. ಹಳದಿ ಬಣ್ಣ ತೋರಿಸಿದ್ರೆ ಬೇರೆಲ್ಲ ಬಿಟ್ಟು ಕಾಪಿ ಮಾಡಿ. ಟಕ್ ಟಕ್ ಅಂತ ಸದ್ದು ಬಂದ್ರೆ ಕಾಪಿಯನ್ನೂ ನಿಲ್ಲಿಸಿ, ಆರಿಸಿ, ಡೇಟಾ ರಿಕವರಿ ಮಾಡೋರ ಹತ್ರ ಒಯ್ಯಿರಿ. ಆ ಸದ್ದಿನ ಮೇಲೆ ಮತ್ತೆ ಮತ್ತೆ ಆನ್ ಮಾಡಿದಷ್ಟೂ ತಟ್ಟೆಗೆ ಗೀರು ಬೀಳುತ್ತೆ.

ಮಗನಿಗೆ ಇವೆಲ್ಲ ಹಳೇ ಕಸ ಅನ್ನಿಸ್ಬಹುದು. ಆದರೆ ಅಮ್ಮಾವ್ರ ತಾಯಿ ಹೇಳಿದ ಸೋಬಾನೆ ಪದಗಳನ್ನ ನೀವು ರೆಕಾರ್ಡ್ ಮಾಡಿಟ್ಟಿದ್ರಲ್ಲ, ಅದು ಇನ್ನೆಲ್ಲಿದೆ ಹೇಳಿ? ಆ ಹಿರೀಕರೂ ಈಗಿಲ್ಲ, ಆ ಪದಗಳನ್ನ ಇನ್ನೊಮ್ಮೆ ಹೇಳಿಸೋಕೂ ಆಗೋದಿಲ್ಲ. ಪ್ರೊಸೆಸರ್ರು ಹೋದ್ರೆ ಅಂಗಡೀಲಿ ಇನ್ನೊಂದು ಸಿಗುತ್ತೆ. ಇದಕ್ಕೆ ಅಂಗಡಿಯಿಲ್ಲ.

ಆದ್ದರಿಂದ ಹೊಸ ಎಸ್‌ಎಸ್‌ಡಿಗೆ ಒಂದು ಪ್ರತಿ ಮಾಡಿಸಿ, ಬೇರೊಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಇನ್ನೊಂದು. ಮಗಳ ಮನೇಲೋ ಕ್ಲೌಡಲ್ಲೋ ಮೂರನೇದು ಇದ್ರೆ ಇನ್ನೂ ಒಳ್ಳೇದು. ಕಾಪಿ ಆದ ಫೈಲುಗಳನ್ನ ತೆಗೆದು ನೋಡಿ, ಕೇಳಿ. ಅಲ್ಲಿವರೆಗೆ ಹಳೇ ಡಿಸ್ಕನ್ನ ಗುಜರಿಗೂ ಕೊಡಬೇಡಿ, ಫಾರ್ಮ್ಯಾಟೂ ಮಾಡಬೇಡಿ. ಭಾನುವಾರ ಬಿಡುವಾಗಿದ್ದೀನಿ, ಫಾಂಟ್ ಹಾಕಿ ಯುನಿಕೋಡಿಗೆ ತಿರುಗಿಸೋ ಕೆಲಸಕ್ಕೆ ನಾನೇ ಬರ್ತೀನಿ.