ಮುಖವೊಂದು ಬಿಟ್ಟು

ಆಗಸ್ಟ್ ತಿಂಗಳ ಲಾಸ್ ವೇಗಸ್. ಬಿಸಿಲು 40 ಡಿಗ್ರಿ ದಾಟಿದರೂ ಹ್ಯಾಕರ್‌ಗಳ ಡೆಫ್ ಕಾನ್ ಸಮಾವೇಶಕ್ಕೆ ಬಂದ ನಮ್ಮ ಹ್ಯಾಕರ್ ಮಹಾಶಯ ಕರಿ ಟೀ ಶರ್ಟು, ಕರಿ ಹೂಡಿ, ಕರಿ ಟೋಪಿ ಬಿಟ್ಟವನಲ್ಲ. ಯಾರ ಕಣ್ಣಿಗೂ ಬೀಳಬಾರದಂತೆ! ಕೊರಳಲ್ಲಿ ಮಾತ್ರ ತೇರಿನ ಸೀರಿಯಲ್ ಸೆಟ್ಟಿನಂತೆ ಮಿಣಮಿಣ ಎನ್ನುವ ಬ್ಯಾಡ್ಜು. ಬಾಗಿಲಲ್ಲಿ ನಗದು ಎಣಿಸಿದರೆ ಅಲ್ಲಿ ಹೆಸರು ಕೇಳುವವರಿಲ್ಲ. ಇವನೇ ಎದೆಯ ಮೇಲೆ ಅಡ್ಡಹೆಸರು ಅಚ್ಚು ಹಾಕಿಸಿಕೊಂಡು ಓಡಾಡುತ್ತಾನೆ.

ಗುಂಪು ಫೋಟೊ ಎಂದರೆ ಮೊದಲು ಓಡಿ ಬರುವವನೂ ಇವನೇ, ಬಂದಮೇಲೆ ಮುಖ ಮುಚ್ಚಿಕೊಳ್ಳುವವನೂ ಇವನೇ. ಅವನನ್ನು ಪೂರ್ತಿ ದೂರುವಂತಿಲ್ಲ ಅನ್ನಿ. 2007ರಲ್ಲಿ ಟೀವಿ ವರದಿಗಾರ್ತಿಯೊಬ್ಬರು ಕ್ಯಾಮೆರಾ ಬಚ್ಚಿಟ್ಟುಕೊಂಡು ಒಳಗೆ ಬಂದದ್ದು ವೇದಿಕೆಯ ಮೇಲಿಂದಲೇ ಬಯಲಾಗಿ, ಪಾರ್ಕಿಂಗ್‌ವರೆಗೆ ಓಡಬೇಕಾಯಿತು. ಗುಂಪಿನಲ್ಲಿ ಅಡಗಿದ ಸರ್ಕಾರಿ ಏಜೆಂಟನನ್ನು ಹಿಡಿದುಕೊಟ್ಟವರಿಗೆ ಟೀ ಶರ್ಟು ಬಹುಮಾನ ಕೊಡುವ ಆಟವೂ ಇಲ್ಲಿನ ಹಳೇ ಪದ್ಧತಿ. ಆದ್ದರಿಂದ ಪಕ್ಕದಲ್ಲಿ ನಿಂತವನ ಶರ್ಟು ಇಸ್ತ್ರಿಯಾಗಿದ್ದರೆ ಇವನು ಒಂದು ಹೆಜ್ಜೆ ಸರಿಯುತ್ತಾನೆ.

ಇನ್ನು ಫೋಟೊ ಯಾರ ಫೋನಿನಲ್ಲಿ? ಇಲ್ಲಿಗೆ ಸುರಿದಿರುವ ಸಾವಿರಾರು ಜನರ ಕಸುಬೇ ಬೇರೆಯವರ ಬೀಗ ತೆಗೆಯುವುದು. ಫೋನು ಕೈಬಿಡಲು ಯಾವನೂ ತಯಾರಿಲ್ಲ. ಕಡೆಗೆ ಒಬ್ಬ ಈ ನಾಲ್ಕು ದಿನಕ್ಕೆಂದೇ ಕೊಂಡ ಅಗ್ಗದ ಫೋನು ಹೊರತೆಗೆದ. ‘ಲೊಕೇಶನ್ ಆಫ್ ಮಾಡು’ ಎಂದ ಇನ್ನೊಬ್ಬ. ಹಿಂದೆ ಹತ್ತಡಿ ಎತ್ತರದ ಡೆಫ್ ಕಾನ್ ಬ್ಯಾನರ್ ಇತ್ತು. ಹಸಿರು ಕೂದಲಿನ ಹುಡುಗಿ ತಲೆಬುರುಡೆಯ ಕರವಸ್ತ್ರವನ್ನು ಮೂಗಿಗೇರಿಸಿದಳು. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಚೌಕಟ್ಟಿನೊಳಗೆ ಕಾಲಿಟ್ಟ. ಅವನ ಒಪ್ಪಿಗೆ ಕೇಳಬೇಕೆಂಬುದು ನಿಯಮ. ಅವನು ಯೋಚಿಸಿ ಹೇಳುತ್ತೇನೆಂದ. ಕೆಂಪಂಗಿಯ ಸ್ವಯಂಸೇವಕರು, ಅಲ್ಲಿಯವರ ಬಾಯಲ್ಲಿ ಗೂನ್‌ಗಳು, ದಾರಿ ಬಿಡಿ ಎಂದು ಗದರಿದರು. ಆ ಗಡಿಬಿಡಿಯಲ್ಲೇ ಕ್ಲಿಕ್ಕಾಯಿತು.

ಬಂದ ಚಿತ್ರದಲ್ಲಿ ಹನ್ನೊಂದು ಟೋಪಿ, ಹನ್ನೊಂದು ಬ್ಯಾಡ್ಜು. ಮುಖ ಒಂದೂ ಇಲ್ಲ. ನಮ್ಮವನಿಗೆ ಪರಮಾನಂದ. ಯಾವ ಯಂತ್ರಕ್ಕೂ ಗುರುತು ಸಿಗದ ಫೋಟೊ ಎಂದು ಬೀಗಿ, ಗೂಢಲಿಪಿಯ ಆ್ಯಪಿನಲ್ಲಿ ದಾವಣಗೆರೆಯ ಅಮ್ಮನಿಗೆ ಕಳಿಸಿದ. ‘ಇದರಲ್ಲಿ ನಾನ್ಯಾರು ಹೇಳಮ್ಮ ನೋಡೋಣ?’

ಅರೆಗಳಿಗೆಯಲ್ಲೇ ಉತ್ತರ ಬಂತು.

‘ಎಡಗಡೆಯಿಂದ ಮೂರನೆಯವನು. ಕೈಯಲ್ಲಿ ದೃಷ್ಟಿದಾರ ಕಾಣ್ತಿದೆಯಲ್ಲೋ. ಪಕ್ಕದಲ್ಲಿರೋ ಹಸಿರು ಕೂದಲಿನ ಹುಡುಗಿ ಯಾರು?’